ಅಕ್ಷತೆಯ ಬದಲು ಹಳದಿ ಕಾಗದ

೧೩ ಮೇ ೨೦೦೬, ಶನಿವಾರ, ಮನ್ರೋ

ಮಗಳು ಅರ್ಪಿತಾಳ ಮದುವೆ ಹಾಲ್‌ನಲ್ಲಿ ಅಕ್ಕಿ ಎಸೆಯುವಂತಿಲ್ಲವಂತೆ. ಯಾರಾದರೂ ಜಾರಿ ಬಿದ್ದರೆ ಹಾಲ್‌ನವರ ಮೇಲೆ ಕೇಸು. ಬಣ್ಣದ ಕಾಗದದ ಚೂರು, ಅದೇ ಕನ್ಫೆಟ್ಟಿ, ಆಗಬಹುದು. ಫೋಟೋಗ್ರಾಫರನಿಗೂ ಅದೇ ಇಷ್ಟ. ಅಕ್ಕಿ ಎಂದರೆ ಭಯ, ಕಾಗದಕ್ಕೆ ಜಯ.

ಇವತ್ತು ಡ್ರೈವ್‌ವೇಯಲ್ಲಿ ಪರೀಕ್ಷೆ. ಮದುಮಗಳ ಜಾಗದಲ್ಲಿ ನನ್ನ ಹೆಂಡತಿ ಸುಧಾಮಣಿ ನಿಂತಳು, ನಾನು ಎರಚಿದೆ, ಅರ್ಪಿತಾಳೇ ಕ್ಯಾಮೆರಾ ಹಿಡಿದಳು. ಮೊದಲು ಮಿಂಚುವ ಬೆಳ್ಳಿ ಚೂರು.

“ರೀ, ನಾನು ಮದುವೆ ಹೆಣ್ಣೋ, ಕ್ರಿಸ್‌ಮಸ್ ಗಿಡಾನೋ?” ಎಂದಳು ಸುಧಾ.

ಹಳದಿ ತೆಳುಕಾಗದ ನಿಧಾನವಾಗಿ ಇಳಿದು ಫೋಟೋದಲ್ಲಿ ಚೆನ್ನಾಗಿ ಕಂಡಿತು. ಅದನ್ನೇ ಆರಿಸಿದೆವು. ಅಕ್ಷತೆ ಇಲ್ಲದೆ ಅದೆಂಥ ಆಶೀರ್ವಾದ ಎಂದು ನಾನು ಗೊಣಗಿದೆ.

“ಅಪ್ಪಾ, ಇಟ್ಸ್ ಜಸ್ಟ್ ಫಾರ್ ದ ಫೋಟೋಸ್,” ಎಂದಳು ಅರ್ಪಿತಾ.

ಸಂಜೆ ಪುರೋಹಿತರಿಗೆ ಫೋನ್ ಮಾಡಿ ದೂರಿದೆ. ಅವರು ನಕ್ಕರು. “ಎಸೀಲೇಬೇಕು ಅಂತ ಯಾರು ಹೇಳಿದ್ರು ಸ್ವಾಮಿ? ಜನ ಕಾಗದಾನೇ ಎಸೀಲಿ. ನೀವಿಬ್ರೂ ಹತ್ತಿರ ಹೋಗಿ ನಾಲ್ಕು ಕಾಳು ಮಗಳ ತಲೆ ಮೇಲೆ ಇಡಿ, ಸಾಕು.”

ಗೆದ್ದೆ ಅಂದುಕೊಂಡು ಊಟ ಮಾಡಿದೆ. ಈಗ ನಿದ್ದೆ ಬರುತ್ತಿಲ್ಲ. ಧಾರೆ ಎರೆಯುವಾಗ ನಾನು ನೀರಿನ ಕಡೆಯೇ ನೋಡುತ್ತಾ ನಿಂತುಬಿಡಬಹುದು. ಜನರ ನಡುವೆ ನಿಂತು ಎಸೆಯುವವನ ಕಣ್ಣು ಒದ್ದೆಯಾದರೂ ಯಾರೂ ಗಮನಿಸುವುದಿಲ್ಲ. ಆದರೆ ತಲೆಯ ಮೇಲೆ ಇಡಬೇಕೆಂದರೆ ಅವಳ ಎದುರಿಗೇ ನಿಲ್ಲಬೇಕು. ಅವಳು ತಲೆಯೆತ್ತಿ ನೋಡುತ್ತಾಳೆ. ಆಗ ಏನಾದರೂ “ಅಪ್ಪಾ” ಅಂದುಬಿಟ್ಟರೆ…