ಕಾಯಬಲ್ಲ ಕೊಳಲು

ಕಜೋ ಹೆಡ್, ಮಾಂಟ್ಸೆರಾಟ್ ದ್ವೀಪ
ಹೊಸ ವರ್ಷದ ದಿನ, ಬೆಳಗ್ಗೆ

ಪ್ರೀತಿಯ ಜೊವೆಲ್,

ಈ ಪತ್ರವನ್ನು ನಮ್ಮ ವೇಷದ ಮೇಳದ ಅಂಗಳದಲ್ಲಿ, ಎಲ್ಲರ ಎದುರಿಗೇ ಕುಳಿತು ಬರೆಯುತ್ತಿದ್ದೇನೆ. ಆದ್ದರಿಂದ ಮೊದಲು ಇಲ್ಲಿ ನೆರೆದವರಿಗೆ ನಮಸ್ಕಾರ. ಬೆಟ್ಟ ಬೂದಿಯುಗುಳಿ ಹಳೆಯ ಪಟ್ಟಣವನ್ನು ಹೂತಾಗ, ಮನೆಯ ಸಾಮಾನು ಬಿಟ್ಟು ನಗಾರಿಗಳನ್ನು ಹೊತ್ತು ಉತ್ತರಕ್ಕೆ ಬಂದ ಹಿರಿಯರಿಗೆ ಕೃತಜ್ಞತೆ. ಅವರು ಹಾಗೆ ಮಾಡದಿದ್ದರೆ ಇಂದು ನಿನ್ನನ್ನು ಕರೆಯಲು ಒಂದು ಮೇಳವೇ ಇರುತ್ತಿರಲಿಲ್ಲ.

ನಿನ್ನೆ ತಾಲೀಮಿನ ನಡುವೆ ನೀನು ಕೊಳಲನ್ನು ನೆಲಕ್ಕೆಸೆದು ಹೋದೆ. ನಾಲ್ಕನೆಯ ಕುಣಿತ ಮುಗಿಸಿ ಐದನೆಯದಕ್ಕೆ ದಾಟಬೇಕಿದ್ದವಳು ನಾಲ್ಕನೆಯದನ್ನೇ ಮತ್ತೊಮ್ಮೆ ಊದಿದೆ. ಮೇಳ ನಡೆಸುವ ಕ್ಯಾಪ್ಟನ್ ಸ್ವೀನಿಯ ಚಾಟಿ ನಿನ್ನ ಕಾಲ ಬಳಿ ಸಿಡಿಯಿತು. "ಎಣಿಸೋಕೆ ಬರಲ್ವೇನೇ ಹುಡುಗಿ? ನಾಳೆ ಸ್ಪೀಕರ್ ಪೆಟ್ಟಿಗೆ ಇಡ್ತೀನಿ. ಅದು ತಪ್ಪಲ್ಲ, ಅಳಲ್ಲ, ಮೂತಿ ಊದಿಸ್ಕೊಂಡು ಮನೆಗೂ ಓಡಲ್ಲ!" ಎಂದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನೀನು ನನ್ನ ಕಡೆ ನೋಡಿದೆ. ನಾನೂ ನಿನ್ನದೇ ತಪ್ಪೆಂದು ತಿಳಿದು ಮುಖ ತಿರುಗಿಸಿಕೊಂಡೆ.

ನೀನು ಹೋದ ಮೇಲೆ ನಡೆದದ್ದನ್ನು ಕೇಳು. ನಾಳೆಗೆ ಸರಿಹೋಗುತ್ತದೋ ನೋಡಲು ಕ್ಯಾಪ್ಟನ್ ಆಗಲೇ ಪೆಟ್ಟಿಗೆ ಹಚ್ಚಿಸಿದ. ಅದರಿಂದ ಹೊರಟದ್ದು ಎಂದೋ ಧ್ವನಿ ಮುದ್ರಿಸಿಟ್ಟ ನನ್ನದೇ ಕೊಳಲು. ಬೂದಿ ನನ್ನ ಎದೆ ಸೇರುವುದಕ್ಕೆ ಮುಂಚಿನ ಉಸಿರು ಅದು. ಹಿತವಾಗಿಯೇ ಇತ್ತು, ಮಗಳೇ. ನಾಲ್ಕನೆಯ ಕುಣಿತದಲ್ಲಿ, ಬ್ರೆಡ್ ಸುಡುವ ಲಿನ್‌ಫರ್ಡ್ ತನ್ನ ನವಿಲುಗರಿಯ ಎತ್ತರದ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅರ್ಧ ಸುತ್ತು ಹಿಂದೆ ಬಿದ್ದ. ಪೆಟ್ಟಿಗೆಯೊಳಗಿನ ನಾನು ಅವನನ್ನು ಕಾಯಲಿಲ್ಲ. ಐದನೆಯದು ಶುರುವಾಯಿತು. ಹಿಂದಿನವರು ಬಂದು ಅವನಿಗೆ ಬಡಿದರು, ಮೂವರು ಉರುಳಿದರು, ವೇಷದ ಮೇಲಿನ ಕನ್ನಡಿಗಳು ಒಡೆದವು. ಸಂಗೀತ ಮಾತ್ರ ಏನೂ ಆಗಿಲ್ಲವೆಂಬಂತೆ ಸಾಗಿತ್ತು.

ವೇಷ ಕಟ್ಟಿದವರು ಮಾತಾಡಬಾರದೆಂಬ ನಮ್ಮ ಮೇಳದ ಕಟ್ಟಳೆ ನಿನಗೆ ಗೊತ್ತು. ಲಿನ್‌ಫರ್ಡ್ ಮೊದಲು ಮುಖವಾಡ ಬಿಚ್ಚಿದ, ಆಮೇಲೆ ಬಾಯಿ ಬಿಟ್ಟ. "ಟೋಪಿ ದಾರ ಆಗಲೂ ಸಡಿಲ ಆಗಿತ್ತು ಕಣಪ್ಪಾ ಕ್ಯಾಪ್ಟನ್. ಆ ಹುಡುಗಿ ನೋಡಿದ್ಲು. ನನಗೋಸ್ಕರ ಇನ್ನೊಂದು ಸುತ್ತು ಊದಿದ್ಲು, ನಾನು ಸಾವರಿಸ್ಕೊಂಡೆ. ಈ ಪೆಟ್ಟಿಗೇಲಿರೋ ಡೇಲಿ ತಾತಂಗೆ ನಾನಿರೋದೇ ಗೊತ್ತಿಲ್ಲವಲ್ಲ!"

ಯಾರೂ ನಗಲಿಲ್ಲ. ಕ್ಯಾಪ್ಟನ್ ಚಾಟಿಯನ್ನು ಮೊಣಕೈಗೆ ಸುತ್ತಿಕೊಳ್ಳುತ್ತ, "ನಾಳೆ ಮಧ್ಯಾಹ್ನದವರೆಗೂ ಕಾಯ್ತೀನಿ. ಬರದಿದ್ರೆ ಪೆಟ್ಟಿಗೆನೇ" ಎಂದ. ಕ್ಷಮೆ ಕೇಳಲಿಲ್ಲ. ಕೇಳುವನೆಂದು ನಾನು ಮಾತು ಕೊಡಲಾರೆ.

ಕೊಳಲನ್ನು ಎಸೆದದ್ದು ತಪ್ಪು. ಅದನ್ನು ಹೇಳದೆ ಬಿಟ್ಟರೆ ನಾನು ಗುರುವಲ್ಲ. ಆದರೆ ಎಣಿಕೆಯನ್ನು ನಾನು ನಿನಗೆ ಕಲಿಸಿದ್ದೆ. ಕುಣಿಯುವವನ ಕಡೆ ಕಣ್ಣಿಡುವುದನ್ನು ಕಲಿಸಿರಲಿಲ್ಲ. ಅದು ನಿನ್ನದೇ ಸಂಪಾದನೆ. ಅದನ್ನು ಒಬ್ಬನ ಸಿಟ್ಟಿಗೆ ಒಪ್ಪಿಸಿ ಕುಳಿತುಕೊಳ್ಳಬೇಡ.

ಮೇಳದಲ್ಲಿ ನಿನ್ನ ಹೊರತು ಊದಬಲ್ಲವರಿಲ್ಲ. ನನಗೆ ಒಂದು ಸಾಲು ಮುಗಿಸುವಷ್ಟೂ ದಮ್ಮಿಲ್ಲ. ಹಬ್ಬಕ್ಕೆಂದು ಇಂಗ್ಲೆಂಡಿನಿಂದ ಊರಿಗೆ ಬಂದವರು ಆಗಲೇ ಬಯಲಲ್ಲಿ ಸೇರುತ್ತಿದ್ದಾರೆ. ಇಂದು ಅವರೆದುರು ಪೆಟ್ಟಿಗೆ ನುಡಿದರೆ ಬರುವ ವರ್ಷವೂ ಅದೇ ನುಡಿಯುತ್ತದೆ. ಆಮೇಲೆ ಕೊಳಲು ಕಲಿಸೆಂದು ಯಾವ ಮಗುವೂ ನನ್ನ ಬಾಗಿಲಿಗೆ ಬರುವುದಿಲ್ಲ. ಸತ್ತ ಮೇಲೂ ನಾನೇ ಊದುತ್ತಿರಬೇಕೆಂಬ ಆಸೆ ನನಗಿಲ್ಲ, ಜೊವೆಲ್.

ಇಗೋ, ನಗಾರಿಯವರು ಹೆಗಲಿಗೆ ಪಟ್ಟಿ ಏರಿಸುತ್ತಿದ್ದಾರೆ. ಪೆಟ್ಟಿಗೆಯ ತಂತಿಯನ್ನು ಇನ್ನೂ ಸಿಕ್ಕಿಸಿಲ್ಲ. ಕ್ಯಾಪ್ಟನ್ ಅದರ ಪಕ್ಕದಲ್ಲೇ ನಿಂತು ರಸ್ತೆ ನೋಡುತ್ತಿದ್ದಾನೆ. ನಿನ್ನ ಉಸಿರು ನನ್ನದಕ್ಕಿಂತ ಬಹುಕಾಲ ಬಾಳಲಿ. ನೀನೆಸೆದ ಕೊಳಲನ್ನು ಒರೆಸಿ ನನ್ನ ಬಳಿ ಇಟ್ಟುಕೊಂಡಿದ್ದೇನೆ. ಬಂದು ಸಾಲಿನ ಮುಂದೆ ನಿಲ್ಲು, ಮೊದಲ ಕುಣಿತವನ್ನು ಊದಲು ಶುರುಮಾಡು.

ನಿನ್ನ ದಾರಿ ನೋಡುತ್ತಿರುವ,
ಫಿಟ್ಜ್‌ರಾಯ್ ಡೇಲಿ