ಏಳನೇ ನಂಬರಿನ ಬೆಸುಗೆ

ಮಾಕಳಿ
14 ಅಕ್ಟೋಬರ್ 2025, ಮಂಗಳವಾರ

ಪ್ರೀತಿಯ ಸೋಮೂ,

ನೀನು, ರಕ್ಷಾ, ಕೂಸು ಎಲ್ಲರೂ ಆರಾಮವಾಗಿದ್ದೀರಾ? ಕೂಸಿಗೆ ಹಲ್ಲು ಬರುವ ಹೊತ್ತು, ಮೈ ಬೆಚ್ಚಗಾದರೆ ಗಾಬರಿಯಾಗಬೇಡಿ. ನಿನ್ನ ಸೊಂಟದ ನೋವು ಹೇಗಿದೆ? ಬಾಗಲಕೋಟೆಯಲ್ಲಿ ಕಿಟಕಿ ಗ್ರಿಲ್ಲಿಗೆ ಬೆಸುಗೆ ಹಾಕುತ್ತಿದ್ದೀಯಂತೆ. ನೆಲದ ಮೇಲೆ ಕೂತು ಮಾಡುವ ಕೆಲಸ. ಅಡಿಗೊಂದು ಗೋಣಿಚೀಲ ಮಡಚಿ ಹಾಕಿಕೋ. ನನ್ನ ಫೋನು ನೀನು ಎತ್ತುವುದಿಲ್ಲ. ಎರಡು ತಿಂಗಳಲ್ಲಿ ನಲವತ್ತಮೂರು ಸಲ ಮಾಡಿದ್ದೇನೆ. ಎಣಿಸುವುದು ನನ್ನ ಹಾಳು ಚಾಳಿ, ನಿನಗೆ ಗೊತ್ತೇ ಇದೆ. ಅದಕ್ಕೇ ಈ ಕಾಗದ. ಅವ್ವ ಗಟ್ಟಿಯಾಗಿದ್ದಾಳೆ. ಸಂಜೆ ರೊಟ್ಟಿ ಬಡಿಯುತ್ತಾ, "ಸೋಮ್ಯಾ ಅಲ್ಲಿ ಏನ್ ಉಣ್ತಾನೋ ಏನೋ" ಅನ್ನುತ್ತಾಳೆ. ನಾನು ಟಿವಿಯ ಸದ್ದು ಜಾಸ್ತಿ ಮಾಡುತ್ತೇನೆ.

ಇನ್ನು ಕಾರ್ಖಾನೆಯ ಸುದ್ದಿ. ಶ್ರಾವಣದಲ್ಲಿ ಆ ತರಬೇತಿ ವಿಮಾನದ ಎಂಜಿನ್ ಕಾದು, ರಾಗಿ ಹೊಲದಲ್ಲಿ ಇಳಿಸಬೇಕಾಯಿತಲ್ಲ, ಒಳಗಿದ್ದ ಇಬ್ಬರೂ ಬದುಕಿದ್ದು ನಮ್ಮ ಪುಣ್ಯ. ಎಂಜಿನ್ ತಣ್ಣಗಿಡುವ ನೀರಿನ ಟ್ಯಾಂಕು ಬೆಸುಗೆಯ ಹತ್ತಿರ ಬಿಟ್ಟುಕೊಂಡಿತ್ತು, ಅದರ ಮೇಲೆ ಬೆಸುಗೆ ಹಾಕಿದವನ ಗುರುತಾಗಿ ನಿನ್ನ ಏಳನೇ ನಂಬರಿನ ಅಚ್ಚು ಇತ್ತು. ನಿನ್ನ ಬೆಸುಗೆ ಪರವಾನಗಿಯನ್ನು ತಡೆಹಿಡಿದರು, ನೀನು ಒಂದು ಮಾತೂ ಆಡದೆ ಹೆಂಡತಿ ಕೂಸನ್ನು ಕಟ್ಟಿಕೊಂಡು ಬಸ್ಸು ಹತ್ತಿದೆ. ಈಗ ಎಂಜಿನ್ ಕಂಪನಿಯವರು ಅದೇ ಕಂತಿನಲ್ಲಿ ನಿನ್ನ ಅಚ್ಚಿದ್ದ ಮಿಕ್ಕ ಮೂವತ್ತೊಂದು ಟ್ಯಾಂಕುಗಳನ್ನು ಬಿಚ್ಚಿಸಿ, ಪರೀಕ್ಷೆ ಮಾಡಿ ವರದಿ ಕೊಡಿ ಎಂದು ನಮ್ಮಲ್ಲಿಗೇ ಕಳಿಸಿದರು. ಆ ವರದಿ ನೋಡಿ ಶುಕ್ರವಾರ ತೀರ್ಮಾನ: ಪರವಾನಗಿ ನಿನಗೆ ವಾಪಸು, ಇಲ್ಲವೇ ಶಾಶ್ವತ ರದ್ದು. ಆ ಕಂಪನಿಯಲ್ಲಿ ಗುಣಮಟ್ಟ ನೋಡುವ ಮಧುಶ್ರೀ ಮೇಡಂ ಮೊದಲ ದಿನ ಪಕ್ಕದಲ್ಲೇ ನಿಂತು ನೋಡಿದರು. "ನಿಮ್ಮ ಮೇಲೆ ನಂಬಿಕೆ ಇದೆ ಕಣ್ರೀ ಮುರಿಗೆಪ್ಪ" ಅಂದು ಯಲಹಂಕದ ತಮ್ಮ ಕಚೇರಿಗೆ ಹೊರಟುಹೋದರು. ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಪರೀಕ್ಷೆ ಮಾಡಿದವನು ನಾನೇ, ಕೆಲಸ ನಿನಗೆ ಗೊತ್ತಿರುವುದೇ. ಒರೆಸು, ಕೆಂಪು ಬಣ್ಣ ಸಿಂಪಡಿಸು, ಇಪ್ಪತ್ತು ನಿಮಿಷ ಕಾಯಿ, ಮತ್ತೆ ಒರೆಸು, ಮೇಲೆ ಬಿಳಿ ಪುಡಿ ಬಿಡು. ಬಿರುಕಿದ್ದರೆ ಆ ಬಿಳಿಯೊಳಗಿಂದ ಸಣ್ಣ ಕೆಂಪು ಗೆರೆ ಮೇಲೆದ್ದು ಬರುತ್ತದೆ, ಕೂಸಿನ ಕೆನ್ನೆಯ ಮೇಲೆ ಉಗುರು ಗೀರಿದಂತೆ. ಆರು ಟ್ಯಾಂಕುಗಳಲ್ಲಿ ಬಂತು. ಆರರಲ್ಲೂ ಬೆಸುಗೆ ಮುಗಿಯುವ ತುದಿಯಲ್ಲೇ. ನಾನು ಸುಮ್ಮನೆ ಬರೆದುಕೊಳ್ಳುತ್ತಿದ್ದೆ. ಗ್ರೈಂಡಿಂಗಿನ ನಜೀರ್ ಆರನೆಯದನ್ನು ಬೆಳಕಿಗೆ ಹಿಡಿದು, "ಮುರಿಗಣ್ಣಾ, ಸೋಮಣ್ಣ ಎಡಚ ಅಲ್ವಾ? ಇದೇನು, ಉಲ್ಟಾ ಓಡೈತೆ!" ಅಂದ.

ನೀನು ಎಡದಿಂದ ಶುರುಮಾಡಿ ಬಲಕ್ಕೆ ಮುಗಿಸುವವನು, ಬಲಗೈಯವರು ಬಲದಿಂದ ಎಡಕ್ಕೆ. ಬೆಸುಗೆಯ ಅಲೆಗಳು ಹಾಗೇ ಮಲಗಿರುತ್ತವೆ, ಅಚ್ಚು ಏನೇ ಹೇಳಲಿ. ಎಲ್ಲವನ್ನೂ ಮತ್ತೆ ಮೇಜಿನ ಮೇಲೆ ಸಾಲಾಗಿಟ್ಟೆ. ಎಡಗೈಯವು ಇಪ್ಪತ್ತೆರಡು, ಒಂದರಲ್ಲೂ ಕೂದಲೆಳೆಯ ಗೆರೆಯಿಲ್ಲ. ಬಲಗೈಯವು ಒಂಬತ್ತು, ಅದರಲ್ಲಿ ಆರು ಬಿರುಕು. ಫೆಬ್ರವರಿಯಲ್ಲಿ ರಕ್ಷಾಳ ಹೆರಿಗೆಗೆ ನೀನು ಹನ್ನೊಂದು ದಿನ ಊರಿಗೆ ಹೋಗಿದ್ದೆಯಲ್ಲ, ಆಗ ಟ್ಯಾಂಕು ಒಯ್ಯಲು ಕಂಪನಿಯ ಗಾಡಿ ದಿನಾ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ನಿನ್ನ ಡ್ರಾಯರಿನಿಂದ ಅಚ್ಚು ತೆಗೆದು, ಬೆಸುಗೆ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಈ ಕೈಯಲ್ಲೇ ನಾನು ಹತ್ತು ಟ್ಯಾಂಕು ಮುಗಿಸಿದೆ. ವಾಪಸು ಬಂದದ್ದು ಒಂಬತ್ತು. ಹತ್ತನೆಯದು ಎಲ್ಲಿ ಇಳಿಯಿತೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

"ಅಣ್ಣಾ, ಮುಗೀತಂತ ಗಬಕ್ನ ಕೈ ಎತ್ತಬ್ಯಾಡ, ತುದಿ ತುಂಬಲಿ" ಎಂದು ನೀನು ಎಷ್ಟು ಸಲ ಹೇಳಿದ್ದೆ. ಮಾತಾಡುವಾಗಲೂ ಅಷ್ಟೇ, ಬೆಸುಗೆಯಲ್ಲೂ ಅಷ್ಟೇ, ಮುಂದಿನದಕ್ಕೆ ಹಾರುವ ಆತುರ ನನ್ನದು. ಶ್ರಾವಣದಲ್ಲಿ ವಿಚಾರಣೆಗೆ ಕೂತಾಗ ಆ ಟ್ಯಾಂಕು ಯಾರದೆಂದು ನನಗೆ ಗೊತ್ತಿರಲಿಲ್ಲ ಸೋಮೂ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. "ನಂಬರ್ ಅವನದೇ ಸಾರ್" ಅಂದೆ. ಅದು ಸುಳ್ಳಲ್ಲ ಎಂದು ಇಷ್ಟು ದಿನ ನನಗೇ ನಾನು ಹೇಳಿಕೊಂಡು ಬಂದೆ. ನೀನು ನನ್ನ ಮುಖ ನೋಡಿದ್ದೆ. ನಿನಗೆ ಆಗಲೇ ಗೊತ್ತಿತ್ತೇ? ಗೊತ್ತಿದ್ದೂ ಬಾಯಿ ಬಿಡಲಿಲ್ಲವೇ? ನಲವತ್ತಮೂರು ಸಲ ಫೋನು ಮಾಡಿದ್ದು ಇದನ್ನು ಕೇಳುವುದಕ್ಕೇ. ನೀನು ಎತ್ತಲಿಲ್ಲವಲ್ಲ ಎಂದು ಪ್ರತಿ ಸಲವೂ ಒಳಗೊಳಗೇ ನೆಮ್ಮದಿಯಾಯಿತು.

ರಕ್ಷಾಳಿಗೆ ನನ್ನ ನೆನಪು ತಿಳಿಸು. ಕೂಸಿನ ನೆತ್ತಿಗೆ ಅವ್ವನ ಪರವಾಗಿ ಕೈಯಿಡು. ಹಿರಿಯನಾಗಿ ನಾನು ಆಶೀರ್ವಾದ ಬರೆಯಬೇಕು. ಈ ಸಲ ಬರೆಯುವುದಿಲ್ಲ, ನಾಚಿಕೆಯಾಗುತ್ತದೆ.

ನಿನ್ನ ಅಣ್ಣ,
ಮುರಿಗೆಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ವರದಿ ನಿನ್ನೆ ಸಂಜೆಯೇ ಹೋಯಿತು. ಬಿರುಕು ಒಂದನ್ನೂ ಮುಚ್ಚಿಟ್ಟಿಲ್ಲ, ಆ ಒಂಬತ್ತೂ ಟ್ಯಾಂಕು ಗುಜರಿಗೆ ಎಂದು ಬರೆದೆ. ಬೆಸುಗೆ ಹಾಕಿದವರು ಎಂಬ ಕಾಲಂ ಬಂದಾಗ ಎಲ್ಲದಕ್ಕೂ ಏಳು ಎಂದೇ ತುಂಬಿಸಿ ಸಹಿ ಹಾಕಿದೆ. ಇದನ್ನು ಬರೆದ ಮೇಲೂ ಯಲಹಂಕಕ್ಕೆ ಹೋಗಿ ಹೇಳಲು ಕಾಲು ಏಳುತ್ತಿಲ್ಲ, ಏಳುವುದೂ ಇಲ್ಲ. ಶುಕ್ರವಾರಕ್ಕೆ ಮೂರು ದಿನ, ಸ್ಪೀಡ್ ಪೋಸ್ಟಿನಲ್ಲಿ ಹಾಕಿದರೆ ಗುರುವಾರ ನಿನ್ನ ಕೈಸೇರುತ್ತದೆ. ಈ ಕಾಗದವನ್ನು ಫೋಟೊ ತೆಗೆದು ಮಧುಶ್ರೀ ಮೇಡಂಗೆ ಕಳಿಸು. ಅವರ ನಂಬರು ಹಿಂಬದಿಯಲ್ಲಿ ಬರೆದಿದ್ದೇನೆ. ನನ್ನನ್ನು ಕೇಳಬೇಡ, ಕೇಳಿದರೆ ಬೇಡ ಅಂದುಬಿಡುತ್ತೇನೆ.