ಆಯಸ್ಕಾಂತಕ್ಕೆ ಅಂಟದ ಕಲ್ಲು

ಇವಳೇ,

ನಿನ್ನ ತಂಗಿಯ ಗಂಡನ ಹತ್ತಿರವಿದ್ದ ಕರಿಕಲ್ಲು ಮಂಗಳ ಗ್ರಹದಿಂದ ಬಿದ್ದದ್ದಂತೆ. ಇಲ್ಲಿನ ಪ್ರಯೋಗಾಲಯದವರು ಇವತ್ತು ಖಚಿತವಾಗಿ ಹೇಳಿದರು. ಕಲ್ಲಿನೊಳಗೆ ಸಿಕ್ಕಿಕೊಂಡಿದ್ದ ಗಾಳಿ ಆ ಗ್ರಹದ ಗಾಳಿಗೆ ತಾಳೆಯಾಗಿದೆ.

ನಾವು ಕೊಳವೆ ಹೂಳುತ್ತಿರುವ ಬಯಲಿನಲ್ಲಿ ಇಬ್ಬರೂ ಸೇರಿ ಆರಿಸಿದ ಕಲ್ಲುಗಳವು. ಉಲ್ಕೆಯೆಂದರೆ ಕಬ್ಬಿಣ ಎಂದು ನಂಬಿ, ಆಯಸ್ಕಾಂತಕ್ಕೆ ಅಂಟಿದ್ದನ್ನೆಲ್ಲ ನಾನಿಟ್ಟುಕೊಂಡೆ. ಅಂಟದೆ ಉಳಿದ ಒಂದನ್ನು "ತಗೋ ತಮ್ಮ, ಬಾಗಿಲು ಬಡೀದ ಹಾಗೆ ಇಟ್ಕೋ" ಎಂದು ಅವನ ಕಡೆ ತಳ್ಳಿದೆ. ಈಗ ನೋಡಿದರೆ ನನ್ನವೆಲ್ಲ ಯಾವುದೋ ಹಳೆಯ ಕುಲುಮೆಯ ಕಿಟ್ಟ. "ಮಂಗಳದ ಕಲ್ಲು ಅಷ್ಟಾಗಿ ಅಂಟಲ್ಲ ಸರ್" ಎಂದು ಅಲ್ಲಿನ ಮೇಡಂ ನಕ್ಕರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಅವನು ಜಂಬ ಕೊಚ್ಚಿಕೊಂಡಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಅವನೋ ಕಂಡಕಂಡವರಿಗೆಲ್ಲ "ಇದನ್ನ ನನಗೆ ಕೊಟ್ಟಿದ್ದೇ ನಮ್ಮಣ್ಣ, ಅವರ ಹೆಸರೂ ಬರ್ಕೊಳ್ಳಿ" ಎನ್ನುತ್ತಿದ್ದಾನೆ. ಅವನ ಒಳ್ಳೆಯತನವೇ ನನಗೆ ಸಹಿಸಲಾಗುತ್ತಿಲ್ಲ.

ಧೂಳಿನ ಕೆಮ್ಮು ಇಳಿದಿದೆ, ಔಷಧಿ ಕಳಿಸಬೇಡ. ಕೆಳಗಿನಿಂದ "ಫೋಟೋಗೆ ಬಾ ಅಣ್ಣಾ, ಕಲ್ಲು ನೀನೇ ಹಿಡ್ಕೋ" ಎಂದು ಕೂಗುತ್ತಿದ್ದಾನೆ, ಹೋಗಲೇಬೇಕು.

ನಿನ್ನ ತಂಗಿ ಸುದ್ದಿ ಹೊತ್ತು ಓಡಿ ಬರುತ್ತಾಳೆ. ಮೊದಲ ಸಲ ಕೇಳಿದವಳ ಹಾಗೆ ಹಿಗ್ಗಿಬಿಡು. ನಮ್ಮ ಮನೆಯಲ್ಲಿ ಒಬ್ಬರಾದರೂ ಹಿಗ್ಗಬೇಕಲ್ಲ, ನನ್ನ ಕೈಲಿ ಇನ್ನೂ ಆಗುತ್ತಿಲ್ಲ.

ನಿನ್ನವನು